ಯಾರೂ ಮುಟ್ಟದ ಟಚ್‌ಪ್ಯಾಡ್

"ಹಾಡು ಹೋತು!"

ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಅಮೇಯ ಹಾಲ್‌ನ ನಡುವೆ ನಿಂತು ಕೂಗಿದ.

ಟೀಪಾಯಿಯ ಮೇಲೆ ಅವನ ಲ್ಯಾಪ್‌ಟಾಪ್ ತೆರೆದೇ ಇತ್ತು. ಸ್ನಾನಕ್ಕೆ ಹೋಗುವ ಮುಂಚೆ ಅದೇ ಪರದೆಯ ಮೇಲೆ ಒಂದು ಫೈಲು ಇತ್ತು: ಅವನ ತಾಯಿ ರಂಗೂಬಾಯಿ ಹಾಡಿದ, ಮದುವೆಯಲ್ಲಿ ಬೀಗರನ್ನು ಛೇಡಿಸುವ ಬೀಗರ ಹಾಡು. ಈಗ ಇಲ್ಲ. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯ ಚಿತ್ರ ಮೂಲೆಯಲ್ಲಿತ್ತು. ಆ ಬುಟ್ಟಿಯೂ ಖಾಲಿ.

ಹೊರಬಾಗಿಲಿಗೆ ಒಳಗಿನಿಂದ ಚಿಲಕ. ಮನೆಯಲ್ಲಿದ್ದವರು ಮೂವರೇ. ಬಚ್ಚಲಲ್ಲಿದ್ದ ಅಮೇಯ, ನೆಲ ಒರೆಸುತ್ತಿದ್ದ ಕೆಲಸದ ಮಾಯಾ, ಅಡಿಗೆಮನೆಯಲ್ಲಿ ಒದ್ದೆ ಸೀರೆಯುಟ್ಟು ಮಡಿಯಲ್ಲಿದ್ದ ರಂಗೂಬಾಯಿ. ಮೂವರೂ ಒದ್ದೆ. ಒಣಗಿದ್ದದ್ದು ಅಮೇಯನ ಗಂಟಲೊಂದೇ.

"ಮಾಯಾ! ಲ್ಯಾಪ್‌ಟಾಪ್ ಒರಸೀದಿ ಏನ?"

"ಹೌದ್ರಿ ಅಣ್ಣಾರ. ದಿನಾ ಒರಸ್ತೀನಲ್ರಿ."

"ಹಸಿ ಅರಿವೀಲೆ?"

"ಒಣಾ ಅರಿವೀಲೆ ಒರಸಿದ್ರ ಧೂಳಿ ಹೋಗ್ತದೇನ್ರಿ?"

ಅಷ್ಟೇ. ವಿಚಾರಣೆ ಮುಗಿಯಿತು. ತೀರ್ಪೂ ಹೊರಬಿತ್ತು.

ನಮಗೆ ಫೋನ್ ಬಂದದ್ದು ಅದಾದ ಮೇಲೆ. ನಮಗೆ ಅಂದರೆ ಅಂಬಾ ಅವರಿಗೆ ಮತ್ತು ನನಗೆ. ಅಂಬಾ ಬೆಳಗಾವಿಯವರು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಮರಾಠಿ ಸೀಮೆಯ ಕೋಥರೂಡದಲ್ಲಿ ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ ಇಟ್ಟವರು. ಗಿರಾಕಿಗಳು ಹೇಳುವ ಕಥೆಯನ್ನು ನಂಬದೆ ಯಂತ್ರವನ್ನೇ ಕೇಳಿ ತಿಳಿಯುವುದು ಅವರ ಪದ್ಧತಿ. ಹೀಗಾಗಿ ರಿಪೇರಿಗೆಂದು ಹೋದಲ್ಲೆಲ್ಲ ಏನಾದರೊಂದು ಗುಟ್ಟು ಹೊರಗೆಳೆದು ಬರುವುದು ರೂಢಿಯಾಗಿತ್ತು. ನಾನು ಅವರ ಪಾಲುದಾರ. ಮಂಡ್ಯದ ಕಡೆಯವನು, ಹೆಸರು ಕುಶಲ. ಫೋನ್ ಎತ್ತಿ "ಕುಶಲ" ಅಂದರೆ ಆ ಕಡೆಯವರು "ನಾವೂ ಆರಾಮ ರೀ" ಅನ್ನುತ್ತಾರೆ. ಅಂದು ಫೋನಿನಲ್ಲಿದ್ದದ್ದು ಅಮೇಯನ ಹೆಂಡತಿ ಮಂಜರಿ. ಆಕೆ ಹಾಗೂ ಅನ್ನಲಿಲ್ಲ.

"ಅಳಿಸಿ ಹೋದ ಫೈಲು ವಾಪಸ್ ತಗದು ಕೊಡ್ತೀರೇನ್ರಿ? ಸಂಜೀಕ ಸ್ಟುಡಿಯೋಕ್ಕ ಕೊಡಬೇಕು. ನಾ ಆಫೀಸಿನಿಂದ ಮನಿಗೆ ಹೊಂಟೀನಿ, ನೀವೂ ಬರ್ರಿ."

ಇದು ಎರಡು ಸಾವಿರದ ಆರರ ಮಾತು. ಹಾಡು ಇನ್ನೂ ಸಿ.ಡಿ.ಯಲ್ಲಿ ಕೂತು ಬರುತ್ತಿದ್ದ ಕಾಲ.

ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲೇ ಗದ್ದಲ. ವಾಚ್‌ಮನ್ ಕೈ ಅಡ್ಡ ಹಿಡಿದು ನಿಂತಿದ್ದ. ಎದುರಿಗೆ ಒಬ್ಬ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಸೆಕ್ರೆಟರಿ ಸಾಹೇಬಾಂಚಾ ಆರ್ಡರ್ ಆಹೇ, ತಾಯಿ. ಆತ ಜಾಯಚ ನಾಹೀ," ಅಂದ ವಾಚ್‌ಮನ್. ಸೆಕ್ರೆಟರಿಯ ಅಪ್ಪಣೆ, ಒಳಗೆ ಬಿಡುವುದಿಲ್ಲ.

"ಬಿ ಬಿಲ್ಡಿಂಗ್‌ದಾಗ ನನ್ನ ಮೂರು ಮನಿ ಅವ. ಆ ಬಾಯಾರು ಭಾಂಡಿ ಸಿಂಕಿನಾಗ ಹಾಕ್ಕೊಂಡು ಕುಂತಾರ. ನಾ ಏನು ಕಳುವು ಮಾಡೀನೇನು?" ಅವಳು ಕೇಳಿದ್ದು ಕನ್ನಡದಲ್ಲಿ. ಅವನಿಗೆ ತಿಳಿಯಲೆಂದಲ್ಲ, ತನಗೆ ತಾಳಲಾರದೆ.

ಅಂಬಾ ನಿಂತರು. "ಯಾವ ಊರವ್ವಾ ನಿಂದು?"

ಅವಳು ತಿರುಗಿ ನೋಡಿದಳು. "ಶಹಾಪುರ ಕಡೀ ರೀ ಅಕ್ಕಾರ. ಮಾಯಾ ಅಂತಾರ. ಮೂರನೇ ಮಾಳಿಗಿ ಅಮೇಯ ಅಣ್ಣಾರ ಹಾಡು ನಾ ಅಳಿಸೀನಂತ. ಅವರು ಸೆಕ್ರೆಟರಿಗೆ ಹೇಳ್ಯಾರ, ಸೆಕ್ರೆಟರಿ ಎಲ್ಲಾ ಮನಿಗಿ ಹೇಳ್ಯಾನ. ಒಂದ್ ಮನಿ ಅಲ್ರಿ, ನಾಲ್ಕೂ ಮನಿ ಹೋದವು."

ಹಾಡನ್ನು ಅಳಿಸಿದವರು ಯಾರೋ. ಸದ್ಯಕ್ಕೆ ಅಳುವಂತಾಗಿದ್ದದ್ದು ಮಾಯಾಗೆ. ಅತ್ತಿರಲಿಲ್ಲ ಅನ್ನುವುದು ಬೇರೆ ಮಾತು.

"ನೀ ನಮ್ಮ ಸಂಗಡ ಮ್ಯಾಲೆ ಬಾ," ಅಂದರು ಅಂಬಾ. ವಾಚ್‌ಮನ್ ಬಾಯಿ ತೆರೆದ. ನಾನು ಸೆಕ್ರೆಟರಿಯ ಹಾಗೆ ಎದೆ ಉಬ್ಬಿಸಿ, ಗಂಟಲು ದಪ್ಪ ಮಾಡಿಕೊಂಡು "ಜಾಊ ದೇ ರೇ!" ಅಂದೆ, ಬಿಡೋ ಒಳಗೆ ಅಂತ. ಆ ಸೆಕ್ರೆಟರಿಯನ್ನು ನಾನು ಕಂಡವನೇ ಅಲ್ಲ. ಆದರೆ ಸೆಕ್ರೆಟರಿಗಳೆಲ್ಲ ಒಂದೇ ಗಂಟಲಿನವರು. ವಾಚ್‌ಮನ್ ಕೈ ತಾನಾಗಿ ಕೆಳಗಿಳಿಯಿತು.

ಬಾಗಿಲು ತೆರೆದ ಅಮೇಯ ಮೊದಲು ನಮ್ಮನ್ನು ನೋಡಿದ, ಆಮೇಲೆ ಮಾಯಾಳನ್ನು.

"ಇವಳ್ನ ಯಾಕ ಕರಕೊಂಡು ಬಂದ್ರಿ?"

"ನಮಗ ಬೇಕಾಗ್ಯಾಳ," ಅಂದರು ಅಂಬಾ. "ಯಂತ್ರ ಎಲ್ಲೈತಿ?"

ಅಂಬಾ ಸೋಫಾದಲ್ಲಿ ಕೂತು ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡರು. ಹಾಲ್‌ನ ಒಂದು ಕಡೆ ಅಡಿಗೆಮನೆಯ ಹೊಸ್ತಿಲು. ಅದರಾಚೆ ಒಲೆ, ಒಲೆಯ ಪಕ್ಕದ ಗೋಡೆಯಲ್ಲಿ ದೇವರ ಗೂಡು. ಒಳಗಿನಿಂದ ಬೇಳೆಯ ವಾಸನೆ, ಜೊತೆಗೊಂದು ದನಿ:

"ಯಾರು ಬಂದಾರೋ ಅಮೇಯಾ? ಹೊಸ್ತಿಲ ದಾಟಬ್ಯಾಡ್ರಿ ಅಂತ ಹೇಳು. ನಾ ಮಡೀಲೆ ಇದ್ದೀನಿ."

ಅಲ್ಲಿ ಮಡಿ, ಇಲ್ಲಿ ಮಡಿಲು. ನಡುವೆ ಐದಾರು ಹೆಜ್ಜೆ.

ಅಂಬಾ ಕೇಳತೊಡಗಿದರು.

"ಫೈಲು ಕಡೀಗೆ ನೋಡಿದವರು ಯಾರು?"

"ನಾನ. ಸ್ನಾನಕ್ಕ ಹೋಗೂಕಿಂತ ಮೊದಲು ಒಮ್ಮೆ ಕೇಳಿ, ಹಂಗ ಬಿಟ್ಟು ಹೋಗಿದ್ದೆ."

"ಮೌಸ್?"

"ಆಫೀಸಿನಾಗ ಅದ. ಮನ್ಯಾಗ ಟಚ್‌ಪ್ಯಾಡೇ."

"ಹೋದದ್ದು ತಿಳಿದ ಮ್ಯಾಲೆ ಏನೇನು ಮಾಡಿದ್ರಿ?"

"ಏನೂ ಇಲ್ಲ." ಅಮೇಯ ಎದೆ ಸೆಟೆಸಿದ. "ಒಂದು ರಿಕವರಿ ಸಾಫ್ಟ್‌ವೇರ್ ಇಳಿಸಿಕೊಂಡೆ. ಉಳಿದದ್ದೂ ಹೋದೀತು ಅಂತ ನಮ್ಮ ಮದುವಿ ವಿಡಿಯೋ ಎಲ್ಲಾ ಸಿ.ಡಿ.ಯಿಂದ ಇದರಾಗ ಕಾಪಿ ಹಾಕಿದೆ. ಸೇಫ್ ಇರಲಿ ಅಂತ."

ಅಂಬಾ ಕಣ್ಣು ಮುಚ್ಚಿಕೊಂಡರು. "ಅಮೇಯ ಅವರ, ಅಳಿಸಿದ ಫೈಲು ತಟ್ಟನೆ ಹೋಗೂದಿಲ್ಲ. ಜಾಗಾ ಖಾಲಿ ಅಂತ ಒಂದು ಗುರುತು ಬೀಳತೈತಿ, ಅಷ್ಟ. ಹಾಡು ಅಲ್ಲೇ ಕುಂತಿತ್ತು. ನೀವು ಅದರ ತಲಿ ಮ್ಯಾಲ ನಿಮ್ಮ ಮದುವಿ ಪೂರ್ತಿ ತಂದು ಹೇರಿದ್ರಿ."

ನೋಡಿದರು, ಹುಡುಕಿದರು, ತಮ್ಮ ಸಲಕರಣೆ ಸಿಕ್ಕಿಸಿ ಮತ್ತೆ ಹುಡುಕಿದರು. ತಲೆಯಾಡಿಸಿದರು. ಬೀಗರ ಹಾಡು ಬೀಗರ ಕೆಳಗೇ ಸಿಕ್ಕಿ ಸತ್ತಿತ್ತು.

ಅಷ್ಟರಲ್ಲಿ ಮಂಜರಿ ಬಂದಳು, ಹೆಲ್ಮೆಟ್ಟು ಕೈಯಲ್ಲಿ. ಸುದ್ದಿ ಕೇಳಿ ಸುಮ್ಮನೆ ಕುರ್ಚಿಯ ಮೇಲೆ ಕೂತಳು. "ಮತ್ತೊಮ್ಮೆ ಹಾಡ್ರಿ ಅಂದ್ರ ಅತ್ತಿಯವರು ಹಾಡಂಗಿಲ್ಲ. ಒಂದು ಹಾಡಿಗೆ ಎಷ್ಟು ಕಾಡಿಸಿದ್ರು!"

"ಕಾಡಿಸಿದ್ರು ಅಂದ್ರ?"

"ನಮ್ಮ ಮಹಿಳಾ ಮಂಡಳದ್ದು ಸಿ.ಡಿ. ಬರತದ್ರಿ, ಸಂಪ್ರದಾಯದ ಹಾಡಿಂದು. ಬೀಗರ ಹಾಡಿಗೆ ಇವರನ್ನ ಬಿಟ್ಟ್ರ ಇಲ್ಲ. ಆದ್ರ ಪ್ರತಿ ಸಲಾನೂ 'ಇದು ಬ್ಯಾಡ, ಮತ್ತೊಮ್ಮೆ' ಅನ್ನೋರು. ಪಕ್ಕದಾಗ ಕೂಡಿಸಿಕೊಂಡು ಅವರ ಮುಂದನ ಅಳಸ್ತಿದ್ವಿ, ಸಮಾಧಾನ ಆಗಲಿ ಅಂತ. ಕಡೀಕೊಂದು ಛಲೋ ಬಂತು. ನಿನ್ನೆ ಸಂಜೀಕ ಮಂಡಳದ ಸಾವಿತ್ರಿಬಾಯಿ ಬಂದು ಕೇಳಿದ್ರು. ಭಾಳ ಹೊಗಳಿದ್ರು. 'ಈ ವಯಸ್ಸಿನಾಗೂ ಎಷ್ಟು ಛಲೋ ಹಾಡ್ಯಾರ' ಅಂದ್ರು."

"ರಂಗೂಬಾಯಿ ಏನಂದ್ರು?"

"ನಕ್ಕರು. 'ಅಳಿಸಿಬಿಡ್ರಿ ಅದನ್ನ' ಅಂದ್ರು. ಅವರು ಎಲ್ಲಾದಕ್ಕೂ ಹಂಗ ಅಂತಾರ ಬಿಡ್ರಿ."

ಅಮೇಯನಿಗೆ ತಾಳ್ಮೆ ಕೆಟ್ಟಿತು. "ಅಂಬಾ ಅವರ, ಇದರಾಗ ಪತ್ತೆ ಹಚ್ಚೂದೇನದ? ನಾನೂ ಎಂಜಿನಿಯರ್ ಇದ್ದೀನಿ. ಹಸಿ ಅರಿವಿ ಟಚ್‌ಪ್ಯಾಡ್ ಮ್ಯಾಲ ಹಾದುಹೋದ್ರ ಬಾಣ ಕುಣೀತದ. ನೋಡ್ರಿ ಬೇಕಾದ್ರ." ಬಟ್ಟೆಯ ತುದಿ ನೀರಿಗದ್ದಿ, ಹಿಂಡಿ, ಸವರಿ ತೋರಿಸಿದ. ನಿಜ. ಪರದೆಯ ಮೇಲಿನ ಬಾಣ ಹುಚ್ಚೆದ್ದು ಕುಣಿಯಿತು. "ಇವಳು ಒರಸೂ ಮುಂದ ಫೈಲು ಎಳದುಕೊಂಡು ಹೋಗಿ ಬುಟ್ಟಿಗೆ ಬಿದ್ದದ."

"ಹೌದು. ಬುಟ್ಟಿಗೆ ಬೀಳಲಿ. ಆಮೇಲೆ ಬುಟ್ಟಿ ಖಾಲಿ ಮಾಡಿದವರು ಯಾರು?"

"ಅದೂ—"

"ಬುಟ್ಟಿ ಮ್ಯಾಲ ಬಾಣ ಇಡಬೇಕು. ಬಲಗಡೆ ಗುಂಡಿ ಒತ್ತಬೇಕು. ಖಾಲಿ ಮಾಡು ಅನ್ನೂದನ್ನ ಆರಿಸಬೇಕು. 'ಖಂಡಿತಾ?' ಅಂತ ಕೇಳತೈತಿ, ಹೌದು ಅನ್ನಬೇಕು. ನಿಮ್ಮ ನೆಲಾ ಒರಸೂ ಅರಿವಿನೂ ಎಂಜಿನಿಯರಿಂಗ್ ಮುಗಿಸೈತೇನು?"

ಮಾಯಾ ಬಾಗಿಲ ಬಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಕಣ್ಣಲ್ಲಿ ಕಂಡಿತು.

"ಹಂಗಾದ್ರ ಬೇಕಂತನ ಮಾಡ್ಯಾಳ!" ಅಮೇಯ ಮತ್ತೊಂದು ಕಡೆಯಿಂದ ಬಂದ. "ನಿನ್ನೆ ರಜಾ ಕೇಳಿದ್ಲು, ಮಂಜರಿ ಕೊಡಲಿಲ್ಲ. ಅದರ ಸಿಟ್ಟು."

"ಸಿಟ್ಟು ಬಂದಿತ್ರಿ," ಅಂದಳು ಮಾಯಾ. "ಸಿಟ್ಟು ಬಂದ್ರ ಭಾಂಡಿ ಜೋರ್ ಮಾಡಿ ಇಡ್ತೀನಿ. ನಿನ್ನೆ ಇಟ್ಟೀನಿ ಸೈತ. ಅಕ್ಕಾರು ಕೇಳ್ಯಾರ."

ಮಂಜರಿ ತಲೆ ಬಗ್ಗಿಸಿದಳು. "ಕೇಳೀನಿ. ಒಂದು ಬಟ್ಟಲು ನಗ್ಗಿದ್ದೂ ಖರೆ."

"ಇಲ್ಲಾ ನೀವೇ ತಪ್ಪಿ ಅಳಿಸಿ, ಹೆಂಡತಿಗೆ ಅಂಜಿ ಇವಳ ತಲಿಗೆ ಕಟ್ಟಿರಬೇಕು," ಅಂದರು ಅಂಬಾ, ಅಮೇಯನ ಕಡೆ ತಿರುಗಿ.

"ಏನ್ ಮಾತಾಡ್ತೀರಿ! ನಾ ಅಳಿಸಿದ್ರ ನಾನ ಯಾಕ ಒದರಾಡ್ಲಿ? ನಾನ ಯಾಕ ಫೋನ್ ಮಾಡಸ್ಲಿ?"

ಅಂಬಾ ಆಗಲೇ ಭೂತಗನ್ನಡಿ ತೆಗೆದು ಟಚ್‌ಪ್ಯಾಡಿನ ಮೇಲೆ ಬಗ್ಗಿದ್ದರು. "ಕುಶಲ, ಈ ಮೂಲ್ಯಾಗ ನೋಡು."

ಪ್ಯಾಡು ಮುಗಿದು ಕೆಳಗಿನ ಗುಂಡಿಗಳು ಶುರುವಾಗುವಲ್ಲಿ ಒಂದು ಸಣ್ಣ ಸಂದು. ಅಲ್ಲಿ ಒಂದು ಹನಿ ಒಣಗಿತ್ತು. ಮಾಸಲು ಹಳದಿ, ಪುಡಿಪುಡಿ. ಈ ಪ್ರಕರಣದ ಗಂಧಗಾಳಿಯೂ ತಿಳಿಯದಿದ್ದ ನಾನು ಮೂಗು ಹತ್ತಿರ ಒಯ್ದೆ.

"ಗಂಧ!"

"ದೇವರ ಗಂಧ," ಅಂದರು ಅಂಬಾ. "ಮಾಯಾ, ನೀ ಒರಸಿದಾಗ ಇದು ಇತ್ತೇನು?"

"ಏ ಇಲ್ರಿ. ಒಂದ್ ಕಲಿ ಉಳಿದ್ರ ಅಮ್ಮಾರು ಅಲ್ಲಿಂದನ ಒದರ್ತಾರ. ಸಂದಿ ಒಳಗ ಉಗುರು ಹಾಕಿ ಒರಸೀನಿ."

"ಒರಸಿ ಎಲ್ಲಿ ಹೋದಿ?"

"ಹಿಂದಿನ ಗ್ಯಾಲರಿಗಿ. ಅರಿವಿ ಒಗಿಲಾಕ."

"ದೇವರ ಹತ್ರ ಹೋಗಿದ್ದೇನು?"

ಮಾಯಾ ಅಂಬಾ ಅವರನ್ನು ಬೇರೆ ಲೋಕದಿಂದ ಬಂದವರಂತೆ ನೋಡಿದಳು. "ನನ್ನ ಆ ಹೊಸ್ತಿಲಾ ದಾಟಿಸ್ಕೋತಾರೇನ್ರಿ?"

ಕುಕ್ಕರ್ ಸೀಟಿ ಹೊಡೆಯಿತು.

"ಅದೇನ್ ದೊಡ್ಡದು," ಅಂದ ಅಮೇಯ, ಅವಸರದಲ್ಲಿ. "ಅಮ್ಮ ಪೂಜಾ ಆದ ಮ್ಯಾಲ ಮನಿ ತುಂಬ ತೀರ್ಥ ಸಿಂಪಡಸ್ತಾಳ. ಟಿ.ವಿ.ಗೂ ಹಾಕ್ತಾಳ, ಫ್ರಿಜ್ಜಿಗೂ ಹಾಕ್ತಾಳ. ಅಪ್ಪಾ ಕುರಕುಂಭದಾಗ ಕಂಪನಿ ಕ್ವಾರ್ಟರ್ಸಿನಾಗ ಇರ್ತಾರ, ನನಗ ಆಫೀಸು. ಹಿಂಗಾಗಿ ಪೂಜಾ ಆಕೀದ."

"ಹಂಗಾದ್ರ ಆಕೀನ ಕೇಳೋಣು."

ಅಂಬಾ ಹೊಸ್ತಿಲ ಈಚೆ ನಿಂತರು. ನಾನು ಅವರ ಹಿಂದೆ. ರಂಗೂಬಾಯಿ ಒಲೆಯ ಮುಂದಿದ್ದರು. ಒದ್ದೆ ಸೀರೆ ಮೈಮೇಲೇ ಅರ್ಧ ಒಣಗಿತ್ತು. ತೆಳ್ಳಗೆ, ನೆಟ್ಟಗೆ, ಚುರುಕು.

"ನಮಸ್ಕಾರ್ರಿ ಅಮ್ಮಾರ. ಹಾಡು ಕೆಟ್ಟು ಹೋತಲ್ಲರಿ."

"ಹೋತಂತವಾ. ಹೋದ್ರ ಹೋಗಲಿ, ಅದೇನು ಬಂಗಾರೇನು?"

"ನೀವು ಇವತ್ತ ಹಾಲ್‌ಗೆ ಬಂದಿದ್ರೇನ್ರಿ?"

"ಪೂಜಾ, ಅಡಿಗಿ, ನೈವೇದ್ಯ. ಮಡೀಲೆ ಇದ್ದಾಗ ನಾ ಯಾಕ ಬರ್ಲಿ ಆ ಮೈಲಿಗ್ಯಾಗ?"

"ತೀರ್ಥ ಸಿಂಪಡಿಸಿದ್ರಂತಲ್ಲ?"

"ಇನ್ನೂ ನೈವೇದ್ಯನ ಆಗಿಲ್ಲ. ಅದಾದ ಮ್ಯಾಲ ಸಿಂಪಡಸೂದು."

"ಲ್ಯಾಪ್‌ಟಾಪ್ ಮುಟ್ಟಿದ್ರೇನ್ರಿ?"

ರಂಗೂಬಾಯಿ ಸೌಟು ಕೆಳಗಿಟ್ಟರು. ದೇವರ ಗೂಡಿನ ಕಡೆ ನೋಡಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ದೇವರ ಮುಂದ ಹೇಳ್ತೀನಿ. ನನ್ನ ಕೈ ಅದಕ್ಕ ಮುಟ್ಟಿಲ್ಲ."

ಆ ದನಿಯಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ. ದನಿಗಳ ವಿಚಾರದಲ್ಲಿ ನಾನು ಸಾಮಾನ್ಯವಾಗಿ ಏಮಾರುವುದಿಲ್ಲ.

"ತೀರ್ಥ ಆದ್ರೂ ಕೊಡ್ರಿ," ಅಂದರು ಅಂಬಾ.

ರಂಗೂಬಾಯಿಯ ಮುಖ ಸಡಿಲಾಯಿತು. ತಾಮ್ರದ ಪಂಚಪಾತ್ರೆ ತಂದರು. ಅದರಲ್ಲಿ ಗಂಧ ತೇಯ್ದ ನೀರು, ತುಳಸಿ. ಉದ್ಧರಣೆಯಿಂದ, ಅಂದರೆ ತೀರ್ಥ ಕೊಡುವ ತಾಮ್ರದ ಪುಟ್ಟ ಸೌಟಿನಿಂದ, ಮುಟ್ಟದೆ ಮೇಲಿನಿಂದಲೇ ಅಂಬಾ ಅವರ ಅಂಗೈಗೆ ಬಿಟ್ಟರು. ಆಮೇಲೆ ನನಗೆ.

"ದೇವರ ಸಾಮಾನು ಇವತ್ತ ತಿಕ್ಕಿದ್ರೇನ್ರಿ?" ಅಂಬಾ ಕೇಳಿದರು, ತೀರ್ಥದ ಕೈಯನ್ನು ತಲೆಗೆ ಸವರುತ್ತ.

"ಇಲ್ಲವಾ. ಅದು ಶುಕ್ರವಾರಕ್ಕ."

ಅಂದು ಬುಧವಾರ.

ಅಂಬಾ ಹಿಂತಿರುಗಿದರು. ಅವರ ನಡಿಗೆ ಬದಲಾಗಿತ್ತು. ನನಗೆ ಏನೂ ಹೊಳೆದಿರಲಿಲ್ಲ. ಹೊಳೆಯುತ್ತಿದ್ದದ್ದನ್ನು ಕಣ್ಣೆದುರೇ ಕಂಡಿದ್ದೆ ಅನ್ನುವುದೂ ಆಗ ತಿಳಿದಿರಲಿಲ್ಲ.

"ಮಂಜರಿ, ಒಂದು ಲಟ್ಟಣಗಿ ಸಿಗತೈತೇನು? ಮತ್ತ ಒಂದು ಸ್ಟೀಲ್ ಚಮಚೆ. ಮಡೀದ್ದು ಬ್ಯಾಡ."

ಮಂಜರಿ ಹಾಲ್‌ನ ಕಪಾಟಿನಿಂದ ಅಂಥವನ್ನೇ ಹುಡುಕಿ ತಂದಳು.

ಅಂಬಾ ಲಟ್ಟಣಿಗೆಯ ತುದಿಯನ್ನು ಟಚ್‌ಪ್ಯಾಡಿನ ಮೇಲೆ ಆಡಿಸಿದರು. ಬಾಣ ಕದಲಲಿಲ್ಲ. ಒತ್ತಿದರು. ಕದಲಲಿಲ್ಲ.

"ಯಾಕ?" ಅಂದಳು ಮಂಜರಿ.

"ಈ ಹಲಗಿ ಒತ್ತಡ ನೋಡೂದಿಲ್ಲ. ಬಿಸಿನೂ ನೋಡೂದಿಲ್ಲ. ಇದರ ಕೆಳಗ ಉದ್ದಕ್ಕ ಅಡ್ಡಕ್ಕ ಸಣ್ಣ ಸಣ್ಣ ಗೆರಿ ತಂತಿ ಹರದಾವ, ಚಾಪಿ ಹೆಣದಂಗ. ಯಂತ್ರ ಅದರಾಗ ಒಂಚೂರು ವಿದ್ಯುತ್ತು ತುಂಬಸ್ತೈತಿ, ಖಾಲಿ ಮಾಡ್ತೈತಿ, ಮತ್ತ ತುಂಬಸ್ತೈತಿ. ಎಷ್ಟು ಹಿಡೀತು ಅಂತ ನೋಡ್ತಾನ ಇರತೈತಿ. ನಮ್ಮ ಮೈ ಅಂದ್ರ ಉಪ್ಪುನೀರಿನ ಕೊಡ. ಬೆರಳು ಮ್ಯಾಲ ಬಂದ ಕೂಡ್ಲೆ ಆ ಜಾಗದಾಗ ಲೆಕ್ಕ ಏರುಪೇರು ಆಗತೈತಿ. ಯಾವ ಗೆರಿ ಹತ್ರ ಏರುಪೇರಾತು ಅಂತ ಹಿಡಿದು, ಬೆರಳು ಇಲ್ಲೇ ಐತಿ ಅಂತ ತಿಳಕೊಳ್ತೈತಿ. ಒಣಾ ಕಟ್ಟಿಗಿ ಏನೂ ಏರುಪೇರು ಮಾಡೂದಿಲ್ಲ. ಯಂತ್ರದ ಪಾಲಿಗೆ ಲಟ್ಟಣಗಿ ಅನ್ನೂದು ಇಲ್ಲೇ ಇಲ್ಲ."

"ಅಂದ್ರೆ ಬಾಸ್‌ಗಳ ಥರ," ಅಂದೆ ನಾನು. "ನಾವಿದ್ರೂ ಇಲ್ಲ ಅಂತಲೇ ಲೆಕ್ಕ."

"ನಿನ್ನ ಬಾಸ್ ನಾನ, ಕುಶಲ."

ನಾನು ಚಮಚೆ ಎತ್ತಿ ಅವರ ಕೈಗೆ ಕೊಟ್ಟೆ.

ಅಂಬಾ ಚಮಚೆಯ ಹಿಡಿಗೆ ಒಣ ಕರವಸ್ತ್ರವನ್ನು ದಪ್ಪಗೆ ಸುತ್ತಿ ಹಿಡಿದು, ಅದರ ಬೆನ್ನನ್ನು ಪ್ಯಾಡಿಗೆ ತಾಗಿಸಿದರು. ಬಾಣ ಸುಮ್ಮನಿತ್ತು. ಕರವಸ್ತ್ರ ತೆಗೆದರು. ಅದೇ ಚಮಚೆ, ಈಗ ಬರಿಗೈಯಲ್ಲಿ. ಚಮಚೆಯ ಬೆನ್ನು ಮೆಲ್ಲಗೆ ಸರಿಯಿತು.

ಬಾಣವೂ ಸರಿಯಿತು. ವಿಧೇಯವಾಗಿ, ಅಂಬಾ ಹೇಳಿದ ಕಡೆಗೆಲ್ಲ.

"ಲೋಹ ವಿದ್ಯುತ್ತಿಗೆ ದಾರಿ ಕೊಡತೈತಿ. ಬರಿಗೈಲೆ ಹಿಡದ್ರ ಚಮಚೆ ನಮ್ಮ ಮೈಯದ ಮುಂದುವರಿಕಿ. ಯಂತ್ರಕ್ಕ ಬೆರಳೂ ಅದ, ಚಮಚೇನೂ ಅದ." ಅಂಬಾ ಚಮಚೆ ಕೆಳಗಿಟ್ಟರು. "ಒಬ್ಬರು ಲ್ಯಾಪ್‌ಟಾಪಿಗೆ ಕೈ ಹಚ್ಚಲಾರದ ಅದನ್ನ ನಡಸಬಹುದು. ಕೈ ಮುಟ್ಟಿಲ್ಲ ಅಂತ ದೇವರ ಮುಂದ ಹೇಳಬಹುದು. ಖರೇನೂ ಹೇಳಬಹುದು."

ಅಮೇಯ ನಿಧಾನಕ್ಕೆ ಅಡಿಗೆಮನೆಯ ಕಡೆ ತಿರುಗಿದ. "ಅಮ್ಮ?"

ರಂಗೂಬಾಯಿ ಹೊಸ್ತಿಲ ಆಚೆ ಬಂದು ನಿಂತಿದ್ದರು. ಯಾವಾಗ ಬಂದರೋ.

"ಒಂದು ಹನಿ ಗಂಧದ ನೀರು," ಅಂದರು ಅಂಬಾ, ಅವರನ್ನೇ ನೋಡುತ್ತ. "ಅದು ಮಾಯಾ ಒರಸಿದ ಮ್ಯಾಲ ಬಿದ್ದದ್ದು. ಆದ್ರ ಅದು ಸಾಲದು, ಯಾರೂ ನಂಬೂದಿಲ್ಲ. ನಾ ನಂಬಿದ್ದು ಉದ್ಧರಣಿ ನೋಡಿ. ಪಂಚಪಾತ್ರಿ ಮಸಕ ಹಿಡದೈತಿ. ಗಂಟಿ ಮಸಕ, ಆರತಿ ಮಸಕ. ತಿಕ್ಕೂದು ಶುಕ್ರವಾರ. ಉದ್ಧರಣಿ ಒಂದ ಹುಣಸೀಹಣ್ಣು ಹಚ್ಚಿ ತಿಕ್ಕಿ ಕೆಂಪಗ ಹೊಳೀತೈತಿ. ಬುಧವಾರ ಅದೊಂದನ್ನ ಯಾಕ ತಿಕ್ಕಬೇಕಾತು? ಮೈಲಿಗಿ ವಸ್ತುಕ್ಕ ತಾಗಿತ್ತು, ಅದಕ್ಕ. ಬ್ಯಾರೆ ಯಾರರ ಆಗಿದ್ರ ಅರಿವೀಲೆ ಒರಸಿ ಇಟ್ಟುಬಿಡ್ತಿದ್ರು, ನನಗ ಗೊತ್ತ ಆಗ್ತಿರಲಿಲ್ಲ. ನಿಮ್ಮ ಮಡಿ ಅಷ್ಟು ಖರೆ, ಅಮ್ಮಾರ. ದೇವರಿಗೆ ಮೋಸ ಮಾಡಲಿಕ್ಕೆ ನಿಮ್ಮಿಂದ ಆಗಲಿಲ್ಲ."



"ಮೊದಲ ಲಟ್ಟಣಗೀಲೆ ಹಚ್ಚಿ ನೋಡಿದೆ," ಅಂದರು ರಂಗೂಬಾಯಿ. ದನಿಯಲ್ಲಿ ನಾಚಿಕೆಗಿಂತ ಬೇಸರವೇ ಹೆಚ್ಚು. "ಏನೂ ಆಗಲಿಲ್ಲ. ಇನ್ನೊಂದು ಕೈಯಾಗ ಉದ್ಧರಣಿ ಇತ್ತು. ಸುಮ್ಮನ ತಾಗಿಸಿದೆ, ಓಡಿತು. ಇವರು ದಿನಾ ನನ್ನ ಮುಂದನ ಅಳಿಸಿ ಅಳಿಸಿ ಕಲಿಸಿದ್ರು. ಬುಟ್ಟಿ ಖಾಲಿ ಮಾಡೂದೂ ಅವರ ತೋರಿಸಿದ್ದು."

"ಯಾಕ್ರಿ ಅತ್ತಿ?" ಮಂಜರಿಗೆ ಅಳು ಬಂತು. "ಎಷ್ಟು ಛಂದ ಹಾಡಿದ್ರಿ!"

"ಅದು ನನ್ನ ದನಿ ಅಲ್ಲ. ನಾ ಹಾಡೂ ಮುಂದ ನನಗ ಕೇಳಿಸೂ ದನಿ ಬ್ಯಾರೆ. ಆ ಡಬ್ಬಿಯಾಗಿಂದ ಬಂದದ್ದು ಯಾವುದೋ ಮುದುಕಿದು, ನಡುಗತಿತ್ತು. ಸಾವಿತ್ರಿ ಹೊಗಳಿದ್ಲು ಅಂತೀರಿ. 'ಈ ವಯಸ್ಸಿನಾಗೂ' ಅಂದ್ಲು. ಊರ ಮಂದಿ ಮದಿವ್ಯಾಗ ನನ್ನ ಹಾಡು ಕೇಳಿ ಬೀಗರು ಊಟದ ಎಲಿ ಬಿಟ್ಟು ಎದ್ದಾರ, ಗೊತ್ತೇನು? ಅಳಿಸ್ರಿ ಅಂತ ನಿಮಗ ಹೇಳಿದ್ದೆ. ನಕ್ಕೀರಿ."

ಗಂಡ ಹೆಂಡತಿ ಇಬ್ಬರೂ ನೆಲ ನೋಡಿದರು.

"ಹಾಡು ನಿಮ್ದು," ಅಂದರು ಅಂಬಾ. "ಇಡೂದು ಬಿಡೂದು ನಿಮ್ಮ ಇಚ್ಛಾ. ಅದರ ಸಲುವಾಗಿ ನಾ ಒಂದು ಮಾತು ಆಡೂದಿಲ್ಲ. ಮಗ ಈಕೀ ಮ್ಯಾಲ ಹರಿಹಾಯ್ದಾಗ ಯಾಕ ಸುಮ್ಮನಿದ್ರಿ?"

ರಂಗೂಬಾಯಿ ಆಗ ಮೊದಲ ಸಲ ಮಾಯಾಳನ್ನು ನೋಡಿದರು. "ಬೈದು ಬಿಡ್ತಾನ, ಆಮ್ಯಾಲ ಮರೀತಾನ ಅಂತ ತಿಳಿದೆ. ಸೆಕ್ರೆಟರಿಗೆ ಫೋನ್ ಹಚ್ಚ್ಯಾನಂತ ನನಗ ಗೊತ್ತಿರಲಿಲ್ಲ."

"ಗೊತ್ತಾದ ಮ್ಯಾಲ್ರಿ?" ಅಂದಳು ಮಾಯಾ.

ರಂಗೂಬಾಯಿ ಒಲೆಯ ಕಡೆ ಮುಖ ತಿರುಗಿಸಿದರು.

ಅಮೇಯ ಮುಂದೆ ಬಂದು, "ಮಾಯಾ, ತಪ್ಪಾತು. ಸಿಟ್ಟಿನಾಗ—" ಅನ್ನುತ್ತಿದ್ದ. ಮಾಯಾ ಕೈ ಎತ್ತಿ ತಡೆದಳು.

"ತಪ್ಪಾತು ಗಿಪ್ಪಾತು ನನಗ ಏನ್ ಮಾಡ್ಲಿಕ್ ಬರ್ತದ್ರಿ ಅಣ್ಣಾರ? ಹೊಟ್ಟಿಗಿ ಹಚ್ಕೊಳ್ಲೇನು? ಫೋನ್ ಮಾಡ್ರಿ. ಸೆಕ್ರೆಟರಿಗಿ, ಆ ಮೂರು ಮನಿಗಿ. ಈಗ, ನನ್ನ ಮುಂದ. ನೀವಲ್ಲ, ಅಮ್ಮಾರು. ನೀವು ಮಾಡಿದ್ರ 'ಅಣ್ಣಾ ಪಾಪ ಕನಿಕರಪಟ್ಟು ಬಿಟ್ಟಾನ' ಅಂತಾರ. ಅಳಿಸಿದವರ ಬಾಯಿಂದನ ಬರಬೇಕು."

ಫೋನು ಹಾಲ್‌ನ ಗೋಡೆಯ ಬಳಿ ಇತ್ತು. ಎಲ್ಲರೂ ಮುಟ್ಟುವ, ಮೈಲಿಗೆಯ ಫೋನು. ಒಳಗೆ ಒಲೆಯ ಮೇಲೆ ಬೇಳೆ, ದೇವರ ಮುಂದೆ ಇನ್ನೂ ಇಡದ ನೈವೇದ್ಯ. ಒಮ್ಮೆ ಮುಟ್ಟಿದರೆ ಅಷ್ಟೂ ಕೆಟ್ಟಂತೆ. ಮತ್ತೆ ತಣ್ಣೀರು ಸ್ನಾನ, ಮತ್ತೆ ಒದ್ದೆ ಸೀರೆ, ಮತ್ತೆ ಮೊದಲಿನಿಂದ ಅಡಿಗೆ.

"ನೈವೇದ್ಯ ಆದ ಮ್ಯಾಲ ಮಾಡ್ತೀನಿ," ಅಂದರು ರಂಗೂಬಾಯಿ.

"ಅಷ್ಟ್ರಾಗ ಅವರು ಬ್ಯಾರೇದಾಕೀನ ಹಚ್ಕೋತಾರ್ರಿ."

ನನಗೆ ತಡೆಯಲಾಗಲಿಲ್ಲ. ಗಂಟಲು ಸಣ್ಣ ಮಾಡಿ, ರಂಗೂಬಾಯಿಯ ಧಾಟಿಯಲ್ಲಿ "ಮೀ ರಂಗೂಬಾಯಿ ಬೋಲತೇ", ನಾನು ರಂಗೂಬಾಯಿ ಮಾತಾಡೋದು, ಅಂದು ತೋರಿಸಿದೆ. "ಬೇಕಿದ್ರೆ ನಾನೇ ಮಾಡ್ತೀನಿ. ಮಡೀನೂ ಉಳಿಯುತ್ತೆ."

ಚೆನ್ನಾಗಿಯೇ ಬಂದಿತ್ತು. ಅಮೇಯ ಬೆಚ್ಚಿದ. ಯಾರೂ ನಗಲಿಲ್ಲ. ಅಂಬಾ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ರಂಗೂಬಾಯಿ ಮಾತ್ರ ನನ್ನನ್ನು ದಿಟ್ಟಿಸಿದರು. "ನನ್ನ ದನಿ ಹಿಂಗ ಅದ ಏನೋ?"

"ಸುಮಾರು ಹೀಗೇ ಅಮ್ಮ," ಅಂದೆ. "ನಿಮ್ಮದು ಇನ್ನೂ ಗಟ್ಟಿ."

ಅವರು ಒಳಗೆ ತಿರುಗಿ ಒಲೆ ಆರಿಸಿದರು. ಸೆರಗು ಸರಿಮಾಡಿಕೊಂಡರು. ಹೊಸ್ತಿಲು ದಾಟಿ ಬಂದು, ಸೋಫಾದ ಅಂಚಿನಲ್ಲಿ ಕೂತು, ಬರಿಗೈಯಲ್ಲಿ ಫೋನಿನ ರಿಸೀವರ್ ಎತ್ತಿಕೊಂಡರು. ಮಂಜರಿ ನಂಬರ್ ಒತ್ತಿಕೊಟ್ಟಳು.

ಮೊದಲು ಸೆಕ್ರೆಟರಿ. ಮರಾಠಿಯಲ್ಲಿ, ತಡವರಿಸಿ, ಆಮೇಲೆ ಗಟ್ಟಿಯಾಗಿ: ಹಾಡು ಅಳಿಸಿದ್ದು ನಾನು, ಬೇಕಂತಲೇ, ಮಾಯಾ ಅಲ್ಲ. ಆ ಕಡೆಯವರಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದರು. ಯಾಕೆ ಅಳಿಸಿದಿರಿ ಅಂತ ಕೇಳಿರಬೇಕು. "ಮಾಝಾ ಆವಾಜ ಮಲಾ ಆವಡಲಾ ನಾಹೀ," ಅಂದರು. ನನ್ನ ದನಿ ನನಗೇ ಹಿಡಿಸಲಿಲ್ಲ. ಆಮೇಲೆ ಬಿ ಬಿಲ್ಡಿಂಗಿನ ಮನೆಗಳು, ಒಂದಾದ ಮೇಲೊಂದು. ಪ್ರತಿ ಮನೆಗೂ ಅಷ್ಟನ್ನೂ ಮೊದಲಿನಿಂದ. ಕಡೆಯ ಮನೆಯಾಕೆ ನಕ್ಕದ್ದು ರಿಸೀವರಿನಿಂದ ನಮಗೂ ಕೇಳಿಸಿತು. ರಂಗೂಬಾಯಿ ಆ ನಗು ಮುಗಿಯುವವರೆಗೆ ಕಾದು, "ಅವಳನ್ನು ಒಳಗೆ ಕರೆದುಕೊಳ್ಳಿ" ಅಂತ ಹೇಳಿಯೇ ಫೋನ್ ಇಟ್ಟರು.

ಮಾಯಾ ಚಪ್ಪಲಿ ಮೆಟ್ಟಿಕೊಂಡಳು.

"ನಾಳಿ ಬರ್ತೀಯಲ್ಲ?" ಕೇಳಿದಳು ಮಂಜರಿ.

"ಈ ಮನಿಗಿ ಬರಾಂಗಿಲ್ರಿ ಅಕ್ಕಾರ. ಆ ಮೂರು ಮನಿ ಸಾಕು." ಸಿಟ್ಟಿನಿಂದ ಅನ್ನಲಿಲ್ಲ. ಬಸ್ಸು ಎಷ್ಟಕ್ಕೆ ಅಂತ ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. ಹೊರಗೆ ಹೆಜ್ಜೆ ಇಟ್ಟು, ಅಂಬಾ ಕಡೆಗೊಮ್ಮೆ ತಲೆ ಹಾಕಿ, ಮೆಟ್ಟಿಲಿಳಿದಳು.

ರಂಗೂಬಾಯಿ ಎದ್ದು ಬಾಗಿಲವರೆಗೆ ಬಂದಿದ್ದರು. ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಒಂದು ಮಹಡಿ ಕೆಳಗಿದ್ದಳು.

ನಾವು ಕೆಳಗೆ ಬಂದಾಗ ವಾಚ್‌ಮನ್ ಇಂಟರ್‌ಕಾಮ್ ಕಿವಿಗೆ ಹಿಡಿದು "ಹೋ ಸಾಹೇಬ, ಹೋ" ಅಂತ ಹೂಂಗುಡುತ್ತಿದ್ದ. ಮಾಯಾ ಗೇಟಿನ ಕಡೆ ಬರಲೇ ಇಲ್ಲ. ಅಂಗಳದ ನಡುವಿನಿಂದ ನೇರ ಬಿ ಬಿಲ್ಡಿಂಗಿಗೆ ನಡೆದಳು. ಮೇಲಿನ ಒಂದು ಗ್ಯಾಲರಿಯಿಂದ ಯಾರೋ ಹೆಂಗಸು ಬಗ್ಗಿ, "ಅಗೋ ಮಾಯಾ, ಲವಕರ ಯೇ!" ಎಂದು ಬೇಗ ಬರಲು ಕೂಗಿದರು.

"ಆಲೇ, ಆಲೇ," ಬಂದೆ, ಬಂದೆ ಅಂದಳು ಮಾಯಾ. ನಡಿಗೆ ಮಾತ್ರ ಚೂರೂ ಜೋರಾಗಲಿಲ್ಲ.